ಗೊತ್ತಿದ್ದೂ ನೋಡುವ ಕೊಲೆಗಳು: ಬ್ರಿಟಿಷ್ ಪತ್ತೇದಾರಿ ಕಥೆಗಳ ಟಿವಿ ಬದುಕು

ಅಗಾಥಾ ಕ್ರಿಸ್ಟಿಯವರ ‘ದ ಬಾಡಿ ಇನ್ ದ ಲೈಬ್ರರಿ’ 1942ರ ಕಾದಂಬರಿ. ಹಳ್ಳಿಯ ಕರ್ನಲ್ ಒಬ್ಬನ ಮನೆಯ ಪುಸ್ತಕದ ಕೋಣೆಯಲ್ಲಿ ಒಂದು ಬೆಳಿಗ್ಗೆ ಯಾರಿಗೂ ಪರಿಚಯವಿಲ್ಲದ ಹುಡುಗಿಯ ಹೆಣ ಬಿದ್ದಿರುತ್ತದೆ. ಬಿಬಿಸಿ ಈ ಕಥೆಯನ್ನು 1984ರಲ್ಲಿ ಟಿವಿಗೆ ತಂದಿತು. ಇಪ್ಪತ್ತು ವರ್ಷ ಕಳೆದು 2004ರಲ್ಲಿ ಐಟಿವಿ ಅದನ್ನೇ ಮತ್ತೆ ತಂದಿತು. ಹೆಣ ಅದೇ, ಕೋಣೆ ಅದೇ, ಪತ್ತೆ ಮಾಡುವ ಮಿಸ್ ಮಾರ್ಪಲ್ ಕೂಡ ಅವಳೇ. ಆದರೆ ಕೊನೆಗೆ ಸಿಕ್ಕಿಬೀಳುವವರು ಬೇರೆ. ಕ್ರಿಸ್ಟಿ ನಿರ್ದೋಷಿಯೆಂದು ಬಿಟ್ಟ ವ್ಯಕ್ತಿಯೊಬ್ಬರನ್ನು ಎರಡನೆಯ ಆವೃತ್ತಿ ಕೊಲೆಯಲ್ಲಿ ಪಾಲುದಾರರನ್ನಾಗಿ ಮಾಡಿದೆ.

ಇಂಥ ಬದಲಾವಣೆಗೆ ಸಾಮಾನ್ಯವಾಗಿ ಸಿಗುವ ಸಮರ್ಥನೆ ಒಂದೇ: ಪುಸ್ತಕ ಓದಿದವರಿಗೂ ಅಚ್ಚರಿಯಾಗಲಿ. ಪತ್ತೇದಾರಿ ಕಥೆಯ ಬೆಲೆಯೆಲ್ಲ ಕೊಲೆಗಾರ ಯಾರೆಂಬ ಗುಟ್ಟಿನಲ್ಲಿದೆ, ಗುಟ್ಟು ರಟ್ಟಾದ ಮೇಲೆ ಉಳಿಯುವುದು ರಸ ಹಿಂಡಿದ ಕಬ್ಬಿನ ಸಿಪ್ಪೆ ಎಂಬ ನಂಬಿಕೆ ಈ ಮಾತಿನ ಬೆನ್ನಿಗಿದೆ. ಅದು ನಿಜವಾಗಿದ್ದರೆ 1984ರ ಆವೃತ್ತಿಯನ್ನು ಇವತ್ತು ಯಾರೂ ಎರಡನೆಯ ಸಲ ನೋಡಬೇಕಾಗಿರಲಿಲ್ಲ. ಜನ ನೋಡುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ಜೆರೆಮಿ ಬ್ರೆಟ್ ಅವರ ಹೋಮ್ಸ್, ಜೋನ್ ಹಿಕ್ಸನ್ ಅವರ ಮಾರ್ಪಲ್, ಡೇವಿಡ್ ಸುಶೇ ಅವರ ಪ್ವಾರೋ ಇವುಗಳ ಅಭಿಮಾನಿಗಳಲ್ಲಿ ಕೊಲೆಗಾರ ಯಾರೆಂದು ಮೊದಲೇ ತಿಳಿದವರೇ ಹೆಚ್ಚು. ಬ್ರಿಟಿಷ್ ಪತ್ತೇದಾರಿ ಕಥೆಗಳ ಟಿವಿ ರೂಪಗಳನ್ನು ಅಳೆಯಲು ಈ ಎರಡನೆಯ ನೋಟವೇ ನನಗೆ ಸರಿಯಾದ ಅಳತೆಗೋಲು ಅನಿಸುತ್ತದೆ. ಮೂಲಕ್ಕೆ ನಿಷ್ಠವೋ ಅಲ್ಲವೋ ಎಂಬ ಚರ್ಚೆ ಅದರ ನಂತರದ್ದು.

ಈ ಕಥೆಗಳಿಗೂ ಟಿವಿಗೂ ಇರುವ ನಂಟು ಟಿವಿಯಷ್ಟೇ ಹಳೆಯದು. ಬಿಬಿಸಿ 1936ರ ನವೆಂಬರ್‌ನಲ್ಲಿ ನಿಯತ ಪ್ರಸಾರ ಶುರುಮಾಡಿತು. ವರ್ಷ ತುಂಬುವ ಮೊದಲೇ, 1937ರ ಜೂನ್‌ನಲ್ಲಿ, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ ಸ್ಟುಡಿಯೋದಿಂದ ಕ್ರಿಸ್ಟಿಯವರ ‘ವಾಸ್ಪ್ಸ್ ನೆಸ್ಟ್’ ನೇರಪ್ರಸಾರವಾಯಿತು. ಅದರಲ್ಲಿ ಪ್ವಾರೋ ಆದವರು ಫ್ರಾನ್ಸಿಸ್ ಎಲ್. ಸಲಿವನ್. ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಎನ್‌ಬಿಸಿ ಪ್ರಾಯೋಗಿಕವಾಗಿ ಹೋಮ್ಸ್ ಕಥೆಯೊಂದನ್ನು ಪ್ರಸಾರ ಮಾಡಿತು. ಎರಡೂ ಗಾಳಿಗೆ ಹೋದವು. 1951ರಲ್ಲಿ ಅಲನ್ ವೀಟ್ಲಿ ನಟಿಸಿದ ಆರು ಕಂತುಗಳ ಹೋಮ್ಸ್ ಕೂಡ ಉಳಿದಿಲ್ಲ. 1968ರಲ್ಲಿ ಪೀಟರ್ ಕುಶಿಂಗ್ ನಟಿಸಿದ ಹದಿನಾರು ಕಂತುಗಳಲ್ಲಿ ಇವತ್ತಿಗೆ ಸಿಗುವುದು ಆರು. ಟೇಪು ದುಬಾರಿಯಾಗಿದ್ದ ಕಾಲ ಅದು, ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು. ಒಮ್ಮೆ ನೋಡಿ ಮುಗಿಯುವ ಸರಕೆಂದೇ ಎಲ್ಲರೂ ತಿಳಿದಿದ್ದ ಕಾರ್ಯಕ್ರಮವನ್ನು ಎರಡನೆಯ ಸಲ ನೋಡುವವರಿಗಾಗಿ ಕಾಪಾಡಿಡುವ ಯೋಚನೆ ಬರುವುದಾದರೂ ಹೇಗೆ?

ಪುಟದಿಂದ ಪರದೆಗೆ ಬರುವಾಗ ಈ ಕಥೆಗಳಿಗೆ ಒಂದು ವಿಶೇಷ ತೊಡಕಿದೆ. ಬೇರೆ ಕಾದಂಬರಿಗಳಿಗೆ ಅದು ಇಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಬರೆದರು. ಮರುವರ್ಷ ಲಂಡನ್ನಿನಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್‌ಗೆ ಜಿ.ಕೆ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷರಾದರು. ಆ ಕಟ್ಟಳೆಗಳ ತಿರುಳು ಇಷ್ಟು: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಎಲ್ಲವನ್ನೂ ಎದುರಿಗಿಟ್ಟು, ಆದರೂ ಕಾಣದಂತೆ ಮಾಡಬೇಕು. ಕಾಗದದ ಮೇಲೆ ಇದು ಸಾಧ್ಯ. ಮೇಜಿನ ಮೇಲಿದ್ದ ಏಳು ವಸ್ತುಗಳ ಪಟ್ಟಿ ಕೊಟ್ಟು, ಬೇಕಾದದ್ದನ್ನು ನಾಲ್ಕನೆಯದಾಗಿ ಸೇರಿಸಿ, ಐದನೆಯದರ ಬಗ್ಗೆ ಒಂದು ತಮಾಷೆ ಮಾಡಿದರೆ ಓದುಗರ ಗಮನ ಜಾರುತ್ತದೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ವಸ್ತುವಿನ ಹತ್ತಿರ ಹೋದರೆ ಬೆರಳು ತೋರಿದಂತೆ, ದೂರ ನಿಂತರೆ ಕಾಣಿಸಲೇ ಇಲ್ಲವೆಂಬ ದೂರು. ವೇಷ ಮರೆಸಿಕೊಂಡು ಬರುವ ಪಾತ್ರವಂತೂ ಪುಟದಲ್ಲಿ ಸಲೀಸು, ಪರದೆಯಲ್ಲಿ ನಟನ ಮೂಗೇ ಸಾಕ್ಷಿ ಹೇಳುತ್ತದೆ. ಕಂತಿನ ಅತಿಥಿ ಕಲಾವಿದರಲ್ಲಿ ಹೆಚ್ಚು ಹೆಸರುವಾಸಿಯಾದವರೇ ಅಪರಾಧಿ ಎಂದು ಅನುಭವಿ ಪ್ರೇಕ್ಷಕರು ಮೊದಲ ಹತ್ತು ನಿಮಿಷದಲ್ಲೇ ಊಹಿಸಿಬಿಡುವುದೂ ಇದೆ.

ಈ ತೊಡಕಿನಿಂದ ಪಾರಾಗಲು ಟಿವಿ ಕಂಡುಕೊಂಡ ದಾರಿ ಎಲ್ಲರಿಗೂ ಗೊತ್ತಿರುವುದೇ. ಕೊನೆಯಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಪತ್ತೇದಾರ ಕಥೆ ಬಿಡಿಸುತ್ತಿರುವಾಗ ಹಿಂದಿನ ದೃಶ್ಯಗಳು ಮತ್ತೆ ತೆರೆಯ ಮೇಲೆ ಬರುತ್ತವೆ. ಎರಡನೆಯ ನೋಟವೆಂಬುದು ಪ್ರತಿ ಕಂತಿನೊಳಗೇ ಅಡಗಿದೆ ಎನ್ನಬಹುದು. ಸರಣಿಯ ಪ್ರಾಮಾಣಿಕತೆ ಬಯಲಾಗುವ ಜಾಗ ಇದು. ಒಳ್ಳೆಯ ಸರಣಿ ನಾವು ನೋಡಿದ್ದ ದೃಶ್ಯವನ್ನೇ ಮತ್ತೆ ತೋರಿಸುತ್ತದೆ. ಆಗ ಸಾಮಾನ್ಯವೆನಿಸಿದ್ದ ಒಂದು ನೋಟಕ್ಕೆ, ಮುಚ್ಚಿದ ಒಂದು ಬಾಗಿಲಿಗೆ ಈಗ ಬೇರೆ ಅರ್ಥ ಬಂದಿರುತ್ತದೆ. ಸೋಮಾರಿ ಸರಣಿ ಮೊದಲು ಎಲ್ಲೂ ಇಲ್ಲದ ಹೊಸ ದೃಶ್ಯವನ್ನು ತಂದು ಮುಂದಿಡುತ್ತದೆ.

ಗ್ರನಾಡಾ ಟೆಲಿವಿಷನ್ ಮ್ಯಾಂಚೆಸ್ಟರಿನಲ್ಲಿ ಬೇಕರ್ ಸ್ಟ್ರೀಟನ್ನೇ ಕಟ್ಟಿ ನಿಲ್ಲಿಸಿ 1984ರ ಏಪ್ರಿಲ್ 24ರಂದು ತನ್ನ ಹೋಮ್ಸ್ ಸರಣಿಯನ್ನು ಶುರುಮಾಡಿತು. ನಿರ್ಮಾಪಕ ಮೈಕೆಲ್ ಕಾಕ್ಸ್ ಮತ್ತು ಅವರ ತಂಡ ಚಿತ್ರೀಕರಣಕ್ಕೆ ಮೊದಲು ಇಡೀ ಹೋಮ್ಸ್ ಸಾಹಿತ್ಯವನ್ನು ಶೋಧಿಸಿ ಒಂದು ಕೈಪಿಡಿ ಮಾಡಿಕೊಂಡಿತ್ತು. ಹೋಮ್ಸ್ ಏನು ತಿನ್ನುತ್ತಾನೆ, ಪೈಪಿನ ತಂಬಾಕನ್ನು ಎಲ್ಲಿಡುತ್ತಾನೆ, ವಾಟ್ಸನ್ನನ ಕೋಟು ಎಂಥದು ಎಂಬುದೆಲ್ಲ ಅದರಲ್ಲಿ ಇತ್ತು. ಸ್ಟ್ರ್ಯಾಂಡ್ ಪತ್ರಿಕೆಗೆ ಸಿಡ್ನಿ ಪ್ಯಾಜೆಟ್ ಬಿಡಿಸಿದ್ದ ಚಿತ್ರಗಳ ಭಂಗಿಗಳನ್ನು ನಟರು ಹಾಗೆಯೇ ಹಿಡಿದು ನಿಲ್ಲುವ ಕ್ಷಣಗಳು ಕಂತುಗಳಲ್ಲಿ ಅಲ್ಲಲ್ಲಿ ಸಿಗುತ್ತವೆ. ಹತ್ತು ವರ್ಷಗಳಲ್ಲಿ 41 ಕಂತುಗಳಾದವು. ಆರ್ಥರ್ ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳು ಒಟ್ಟು 60. ಅವುಗಳಲ್ಲಿ 56 ಸಣ್ಣಕಥೆಗಳು, 4 ಕಾದಂಬರಿಗಳು.

ಬ್ರೆಟ್ ಅವರ ಹೋಮ್ಸ್ ಬಗ್ಗೆ ಬರೆಯುವವರೆಲ್ಲ ಅವರ ಕಣ್ಣು, ತಟ್ಟನೆ ಚಿಮ್ಮುವ ನಗು, ಕುರ್ಚಿಯ ಮೇಲಿಂದ ಹಾರುವ ಮೈಕಟ್ಟನ್ನು ಹೊಗಳುತ್ತಾರೆ. ನ್ಯಾಯವಾದ ಹೊಗಳಿಕೆಯೇ. ಆದರೆ ಆ ಸರಣಿಯ ದೊಡ್ಡ ಕೆಲಸ ನಡೆದದ್ದು ಪಕ್ಕದ ಕುರ್ಚಿಯಲ್ಲಿ. 1939ರಿಂದ 1946ರವರೆಗೆ ಬ್ಯಾಸಿಲ್ ರ‍್ಯಾತ್‌ಬೋನ್ ನಟಿಸಿದ ಹದಿನಾಲ್ಕು ಚಲನಚಿತ್ರಗಳಲ್ಲಿ ನೈಜೆಲ್ ಬ್ರೂಸ್ ಅವರ ವಾಟ್ಸನ್ ತಡವರಿಸುವ, ಪೆದ್ದು ಮುದುಕ. ಆ ಚಿತ್ರ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಗ್ರನಾಡಾದಲ್ಲಿ ಮೊದಲು ಡೇವಿಡ್ ಬರ್ಕ್, ನಂತರ ಎಡ್ವರ್ಡ್ ಹಾರ್ಡ್‌ವಿಕ್ ವಾಟ್ಸನ್ನನಿಗೆ ಅವನ ಬುದ್ಧಿಯನ್ನು ಮರಳಿಸಿದರು. ಯುದ್ಧ ಕಂಡ ವೈದ್ಯ, ಗಮನವಿಟ್ಟು ನೋಡಬಲ್ಲವನು, ಆದರೂ ಹೋಮ್ಸ್ ಕಂಡದ್ದು ಕಾಣದವನು. ನಮ್ಮ ಪ್ರತಿನಿಧಿ ಪೆದ್ದನಾದರೆ ಸೋಲು ಅವನದು, ಜಾಣನಾದರೆ ಸೋಲು ನಮ್ಮದೂ ಆಗುತ್ತದೆ. ರಷ್ಯನ್ನರು ಇದನ್ನು ಇನ್ನೂ ಮೊದಲೇ ಅರಿತಿದ್ದರು. ಇಗೋರ್ ಮಾಸ್ಲೆನಿಕೋವ್ 1979ರಿಂದ ಲೆನ್‌ಫಿಲ್ಮ್‌ನಲ್ಲಿ ಮಾಡಿದ ಟಿವಿ ಚಿತ್ರಗಳಲ್ಲಿ ವಾಸಿಲಿ ಲಿವಾನೋವ್ ಹೋಮ್ಸ್, ವಿತಾಲಿ ಸೊಲೊಮಿನ್ ವಾಟ್ಸನ್. ಹಳೆಯ ರಿಗಾ ನಗರದ ಬೀದಿಯೊಂದು ಅಲ್ಲಿ ಲಂಡನ್ ಆಯಿತು. ಮೊದಲ ಚಿತ್ರದಲ್ಲಿ ತನ್ನ ವಿಚಿತ್ರ ಸಹವಾಸಿ ಒಬ್ಬ ಅಪರಾಧಿಯೇ ಇರಬೇಕೆಂದು ವಾಟ್ಸನ್ ಶಂಕಿಸಿ, ಸಾಕ್ಷ್ಯ ಕೂಡಿಸತೊಡಗುತ್ತಾನೆ. ಪತ್ತೇದಾರನನ್ನೇ ಪತ್ತೆ ಮಾಡಹೊರಟ ಆ ವೈದ್ಯನನ್ನು ನೋಡುವುದು ಇವತ್ತಿಗೂ ಸಂತೋಷದ ಸಂಗತಿ. ಲಿವಾನೋವ್ ಅವರಿಗೆ ಬ್ರಿಟಿಷ್ ಸರ್ಕಾರ 2006ರಲ್ಲಿ ಎಂಬಿಇ ಗೌರವ ಕೊಟ್ಟಿತು.

ಗ್ರನಾಡಾದ ‘ದ ಬ್ಲೂ ಕಾರ್ಬಂಕಲ್’ ಕಂತನ್ನು ತೆಗೆದುಕೊಳ್ಳಿ. ಒಂದು ಹಳೆಯ ಹ್ಯಾಟು ಹೋಮ್ಸ್ ಕೈಗೆ ಬಂದಿದೆ. ಅವನು ಅದನ್ನು ವಾಟ್ಸನ್ನನ ಕೈಗಿಟ್ಟು ಏನು ಕಾಣುತ್ತದೆ ಹೇಳು ಎನ್ನುತ್ತಾನೆ. ವಾಟ್ಸನ್ ತಿರುಗಿಸಿ ನೋಡುತ್ತಾನೆ, ನಾವೂ ನೋಡುತ್ತೇವೆ, ಏನೂ ಹೊಳೆಯುವುದಿಲ್ಲ. ಆಮೇಲೆ ಹೋಮ್ಸ್ ಅದೇ ಹ್ಯಾಟನ್ನು ಹಿಡಿದು, ಇದರ ಯಜಮಾನ ಒಂದು ಕಾಲಕ್ಕೆ ಉಳ್ಳವನಾಗಿದ್ದ, ಈಗ ಕೈ ಬರಿದಾಗಿದೆ, ಹೆಂಡತಿಗೆ ಇವನ ಮೇಲೆ ಪ್ರೀತಿ ಉಳಿದಿಲ್ಲ ಎಂದು ಒಂದೊಂದಾಗಿ ಬಿಡಿಸುತ್ತಾನೆ. ವಾರಗಟ್ಟಲೆ ಕೂತ ದೂಳನ್ನು ಯಾರೂ ಬ್ರಷ್ ಮಾಡಿಲ್ಲ, ಅದೇ ಕಾರಣ. ಹ್ಯಾಟು ಬದಲಾಗಿಲ್ಲ, ನೋಡುವ ಕ್ರಮ ಬದಲಾಯಿತು. ಇಡೀ ಪ್ರಕಾರದ ಜೀವ ಈ ಒಂದು ದೃಶ್ಯದಲ್ಲಿದೆ ಎಂದೇ ನನ್ನ ಭಾವನೆ. ಉತ್ತರ ಗೊತ್ತಿರುವವರು ಮುಂದಿನ ಸಲ ನೋಡುವಾಗ ಹ್ಯಾಟಿನ ಮೇಲಿನ ದೂಳನ್ನು ತಾವೇ ಹುಡುಕುತ್ತಾರೆ.

ಆ ಸರಣಿಯ ಕೊನೆಯ ಘಟ್ಟ ನೋವಿನದು. ಬ್ರೆಟ್ ಅವರ ಪತ್ನಿ ಜೋನ್ ವಿಲ್ಸನ್ 1985ರಲ್ಲಿ ತೀರಿಕೊಂಡರು. ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಬ್ರಿಟಿಷ್ ಪತ್ತೇದಾರಿ ಕಾರ್ಯಕ್ರಮಗಳಿಗೆ ನೆಲೆ ಒದಗಿಸಿದವರಲ್ಲಿ ಅವರು ಮುಖ್ಯರು. ಆಮೇಲೆ ಬ್ರೆಟ್ ಅವರ ಮನೋವ್ಯಾಧಿ ಉಲ್ಬಣಿಸಿತು, ಹೃದಯವೂ ಸೋಲುತ್ತ ಬಂತು. 1995ರಲ್ಲಿ, 61ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಕೊನೆಯ ಕಂತುಗಳಲ್ಲಿ ಊದಿದ ಮುಖ, ಎಳೆಯಲಾಗದ ಉಸಿರು ಕಾಣುತ್ತವೆ. ಸರಣಿ ಸೊರಗಿದ್ದಕ್ಕೆ ಬೇರೆ ಕಾರಣವೂ ಇದೆ. 1992–93ರಲ್ಲಿ ಐವತ್ತು ನಿಮಿಷದ ಸಣ್ಣಕಥೆಗಳನ್ನು ಎರಡು ಗಂಟೆಗೆ ಹಿಗ್ಗಿಸುವ ಪ್ರಯತ್ನ ನಡೆಯಿತು. ‘ದ ಎಲಿಜಿಬಲ್ ಬ್ಯಾಚಲರ್’, ‘ದ ಲಾಸ್ಟ್ ವ್ಯಾಂಪೈರ್’ ಎರಡರಲ್ಲೂ ಕನಸು, ಮಂಜು, ಪಾಳುಮನೆ ತುಂಬಿಕೊಂಡು ಸಾಕ್ಷ್ಯಕ್ಕೆ ಜಾಗವೇ ಇಲ್ಲವಾಯಿತು. ಡಾಯ್ಲ್ ಸಣ್ಣಕಥೆಗೆ ಐವತ್ತು ನಿಮಿಷವೇ ಸರಿಯಾದ ಅಳತೆ. ಗಂಟೆ ಹೆಚ್ಚಿದಷ್ಟೂ ಅದು ಬೇರೆ ಏನೋ ಆಗುತ್ತದೆ.

ಜೋನ್ ಹಿಕ್ಸನ್ ಅವರದು ಇನ್ನೊಂದು ಬಗೆಯ ಸಾಧನೆ. 1940ರ ದಶಕದ ನಡುವಿನಲ್ಲಿ ‘ಅಪಾಯಿಂಟ್‌ಮೆಂಟ್ ವಿತ್ ಡೆತ್’ ನಾಟಕದಲ್ಲಿ ಅವರನ್ನು ಕಂಡ ಕ್ರಿಸ್ಟಿ, ನೀವು ಮುಂದೊಂದು ದಿನ ನನ್ನ ಮಿಸ್ ಮಾರ್ಪಲ್ ಆಗುವಿರೆಂದು ಆಶಿಸುತ್ತೇನೆ ಎಂಬರ್ಥದ ಚೀಟಿ ಕಳಿಸಿದ್ದರು. ಆ ದಿನ ಬರುವಾಗ ಕ್ರಿಸ್ಟಿ ತೀರಿಕೊಂಡು ಎಂಟು ವರ್ಷ, ಹಿಕ್ಸನ್ ಅವರಿಗೆ 78 ವಯಸ್ಸು. 1984ರಿಂದ 1992ರವರೆಗೆ ಮಿಸ್ ಮಾರ್ಪಲ್‌ಳ ಹನ್ನೆರಡೂ ಕಾದಂಬರಿಗಳನ್ನು ಅವರು ಮುಗಿಸಿದರು. ಹ್ಯಾಂಪ್‌ಶೈರಿನ ನೆದರ್ ವಾಲಪ್ ಎಂಬ ಹಳ್ಳಿ ಮಿಸ್ ಮಾರ್ಪಲ್‌ಳ ಊರಾದ ಸೇಂಟ್ ಮೇರಿ ಮೀಡ್ ಆಯಿತು.

ಹೆಣಿಗೆ, ಚಹಾ, ಗುಲಾಬಿ ತೋಟ ಎಲ್ಲ ಅಲ್ಲಿವೆ. ಆದರೆ ಆ ಸರಣಿಯಲ್ಲಿ ಬೆಚ್ಚನೆಯ ಭಾವ ಕಡಿಮೆ. ಹಿಕ್ಸನ್ ಹೆಚ್ಚು ಅಲುಗುವುದಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ, ಆ ನೀಲಿ ಕಣ್ಣುಗಳು ಎದುರಿಗಿರುವವರ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತವೆ, ಅಷ್ಟೆ. ‘ಎ ಪಾಕೆಟ್ ಫುಲ್ ಆಫ್ ರೈ’ ಕಥೆಯಲ್ಲಿ ಗ್ಲ್ಯಾಡಿಸ್ ಎಂಬ ಬಡ ಕೆಲಸದ ಹುಡುಗಿಯನ್ನು ಕೊಂದು ಅವಳ ಮೂಗಿಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿರುತ್ತಾರೆ. ಮಿಸ್ ಮಾರ್ಪಲ್ ಆ ಮನೆಗೆ ಬರುವುದು ಅಲ್ಲಿ ಸತ್ತ ಶ್ರೀಮಂತರಿಗಾಗಿ ಅಲ್ಲ, ತಾನೇ ಕೆಲಸ ಕಲಿಸಿ ಕಳಿಸಿದ್ದ ಈ ಹುಡುಗಿಗಾದ ಅವಮಾನಕ್ಕಾಗಿ. ಹಿಕ್ಸನ್ ಆ ಕೋಪವನ್ನು ದನಿ ಏರಿಸದೆ ತೋರುತ್ತಾರೆ. ಇಡೀ ಸರಣಿಯಲ್ಲಿ ನನ್ನನ್ನು ಅತ್ಯಂತ ಕಲಕಿದ ಅಭಿನಯ ಇದು.

ಕಾಲದ ವಿಷಯದಲ್ಲೂ ಈ ಸರಣಿಯಿಂದ ಕಲಿಯುವುದಿದೆ. ‘ಎ ಮರ್ಡರ್ ಈಸ್ ಅನೌನ್ಸ್ಡ್’ 1950ರ ಕಾದಂಬರಿ, ಟಿವಿಗೆ ಬಂದದ್ದು 1985ರಲ್ಲಿ. ಊರಿನ ಪತ್ರಿಕೆಯಲ್ಲಿ ಇಂಥ ದಿನ ಇಷ್ಟು ಗಂಟೆಗೆ ಇಂಥ ಮನೆಯಲ್ಲಿ ಕೊಲೆ ನಡೆಯಲಿದೆ ಎಂದು ಜಾಹೀರಾತು ಬರುತ್ತದೆ. ಕುತೂಹಲದಿಂದ ಬಂದ ನೆರೆಹೊರೆಯವರ ಎದುರೇ ದೀಪ ಆರಿ ಗುಂಡು ಹಾರುತ್ತದೆ. ಆಗಿನ್ನೂ ಬ್ರಿಟನ್ನಿನಲ್ಲಿ ರೇಷನ್ ಇತ್ತು, ಅದು ಪೂರ್ತಿ ಮುಗಿದದ್ದು 1954ರಲ್ಲಿ. ಯುದ್ಧದಿಂದ ಚದುರಿದ ಜನ ಹೊಸ ಹೊಸ ಊರುಗಳಲ್ಲಿ ಬಂದು ನೆಲೆಸಿದ್ದರು. ಪಕ್ಕದ ಮನೆಯವರು ಹಿಂದೆ ಯಾರಾಗಿದ್ದರೆಂದು ಹೇಳಬಲ್ಲ ಹಿರಿಯರು ಊರಲ್ಲಿ ಉಳಿದಿರಲಿಲ್ಲ. ಕೈಯಲ್ಲಿದ್ದ ಕಾಗದವೇ ಗುರುತು. ಕಾದಂಬರಿಯ ಒಗಟು ನಿಂತಿರುವುದೇ ಇದರ ಮೇಲೆ. ಕಲ್ಲಿದ್ದಲಿಗೂ ಅಭಾವವಿದ್ದ ಆ ದಿನಗಳಲ್ಲಿ ಆ ಸಂಜೆ ಕೋಣೆಯ ಅಗ್ಗಿಷ್ಟಿಕೆ ಏಕೆ ಉರಿಯುತ್ತಿರಲಿಲ್ಲ ಎಂಬುದು ಕೂಡ ಪುಸ್ತಕದಲ್ಲಿ ಒಂದು ಸುಳಿವು. ಇಂಥ ಕಥೆಯನ್ನು ಹೊಳೆಯುವ ಕಾರು, ಚೆಂದದ ಉಡುಪುಗಳ ಯಾವುದೋ ಅಸ್ಪಷ್ಟ ಹಳೆಯ ಕಾಲಕ್ಕೆ ಒಯ್ದರೆ ಒಗಟು ಒಡೆಯುತ್ತದೆ. ಹಿಕ್ಸನ್ ಸರಣಿಯ ಮಾಸಿದ ಕೋಟು, ತಣ್ಣನೆಯ ಕೋಣೆ, ಹಳಸಲು ಕೇಕು ಕಥೆಗೆ ಬೇಕಾಗಿಯೇ ಇವೆ.

ಸುಶೇ ಅವರ ಪ್ವಾರೋ ಈ ವಿಷಯದಲ್ಲಿ ಬೇರೆ ಹಾದಿ ಹಿಡಿಯಿತು. ಕ್ರಿಸ್ಟಿ ಪ್ವಾರೋ ಕಥೆಗಳನ್ನು 1920ರಿಂದ ಐದು ದಶಕಕ್ಕೂ ಹೆಚ್ಚು ಕಾಲ ಬರೆದರು. 1989ರ ಜನವರಿಯಲ್ಲಿ ಐಟಿವಿಯಲ್ಲಿ ಆರಂಭವಾದ ಸರಣಿ ಅವುಗಳಲ್ಲಿ ಹೆಚ್ಚಿನವನ್ನು 1930ರ ದಶಕದ ನಡುವಿಗೆ ತಂದು ಕೂರಿಸಿತು. 1936ರಲ್ಲಿ ಕಟ್ಟಿದ ಲಂಡನ್ನಿನ ಫ್ಲೋರಿನ್ ಕೋರ್ಟ್ ಪ್ವಾರೋನ ವಸತಿಯಾಯಿತು. ಬಾಗಿದ ಗೋಡೆ, ಸಮ ಅಂತರದ ಕಿಟಕಿ, ಹೊಳೆಯುವ ಲೋಹ. ಎರಡು ಮೊಟ್ಟೆ ಒಂದೇ ಗಾತ್ರದಲ್ಲಿ ಇರಬೇಕೆನ್ನುವ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಮನೆಯಿಲ್ಲ. ಮೂಲದಿಂದ ದೂರ ಸರಿದರೂ ಇದು ಪಾತ್ರವನ್ನು ಬೆಳಗಿಸಿದ ನಿರ್ಧಾರ. ಪ್ವಾರೋನ ಒಡನಾಡಿಗಳಾದ ಹೇಸ್ಟಿಂಗ್ಸ್, ಜ್ಯಾಪ್, ಮಿಸ್ ಲೆಮನ್ ಪುಸ್ತಕದಲ್ಲಿ ತಾವು ಇಲ್ಲದ ಕಥೆಗಳಿಗೂ ಬಂದರು. ಕ್ಲೈವ್ ಎಕ್ಸ್‌ಟನ್ ಅವರ ಚಿತ್ರಕಥೆಗಳು ಕೆಲವು ತೆಳು ಸಣ್ಣಕಥೆಗಳನ್ನು ಈ ನಾಲ್ವರ ಒಡನಾಟದಿಂದಲೇ ಎತ್ತಿ ನಿಲ್ಲಿಸಿದವು.

ಪಾತ್ರ ವಹಿಸುವ ಮೊದಲು ಸುಶೇ ಎಲ್ಲ ಪುಸ್ತಕಗಳನ್ನೂ ಓದಿ ಪ್ವಾರೋನ 93 ಗುಣಗಳ ಪಟ್ಟಿ ಮಾಡಿಕೊಂಡರು. ಕ್ರಿಸ್ಟಿಯವರ ಮಗಳು ರೊಸಾಲಿಂಡ್ ಹಿಕ್ಸ್ ಅವರಿಗೆ ಒಂದು ಷರತ್ತು ಹಾಕಿದ್ದರು: ಪ್ರೇಕ್ಷಕರು ಪ್ವಾರೋನ ಜೊತೆಗೆ ನಗಬೇಕು, ಅವನನ್ನು ನೋಡಿ ನಗಬಾರದು. ಪರದೇಶಿಯೊಬ್ಬ ಇಂಗ್ಲಿಷರ ಮನೆಯಲ್ಲಿ ಕೂತು ಅವರ ಗುಟ್ಟುಗಳನ್ನು ಬಿಡಿಸುವ ಕಥೆಯಲ್ಲಿ ಆ ಷರತ್ತಿಗೆ ತೂಕವಿದೆ. ಮೊಲದ ಹೆಜ್ಜೆ, ಮೀಸೆ, ಉಚ್ಚಾರಣೆ ನೋಡಿ ಅವನನ್ನು ಕೀಳಾಗಿ ಕಂಡವರೇ ಅವನ ಮುಂದೆ ಬಾಯಿ ಬಿಡುತ್ತಾರೆ. ಅವರ ತಾತ್ಸಾರವೇ ಅವನ ಸಾಧನ. 24 ವರ್ಷಗಳಲ್ಲಿ 70 ಕಂತುಗಳಾದವು. ಒಬ್ಬನೇ ನಟ ಒಂದು ಪಾತ್ರದ ಎಲ್ಲ ಕಾದಂಬರಿಗಳನ್ನೂ ಬಹುತೇಕ ಎಲ್ಲ ಸಣ್ಣಕಥೆಗಳನ್ನೂ ಮುಗಿಸಿದ್ದು ಟಿವಿಯಲ್ಲಿ ಬಲು ಅಪರೂಪ. ಪ್ವಾರೋ ಸಾಯುವ ‘ಕರ್ಟನ್’ 2013ರ ನವೆಂಬರ್‌ನಲ್ಲಿ ಕೊನೆಯದಾಗಿ ಪ್ರಸಾರವಾದರೂ ಅದರ ಚಿತ್ರೀಕರಣ ಮೊದಲೇ ಮುಗಿದಿತ್ತು. ಕೊನೆಯದಾಗಿ ಚಿತ್ರಿಸಿದ್ದು ‘ಡೆಡ್ ಮ್ಯಾನ್ಸ್ ಫಾಲಿ’. ಅದು ನಡೆದದ್ದು ಡೆವನ್‌ನ ಗ್ರೀನ್‌ವೇಯಲ್ಲಿ, ಕ್ರಿಸ್ಟಿಯವರ ಸ್ವಂತ ಮನೆಯಲ್ಲಿ.

ಆ ಸರಣಿಯೂ ಸೋತ ಜಾಗವಿದೆ. 1926ರ ‘ದ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ ಕಾದಂಬರಿಯ ಬೆರಗು ನಿರೂಪಣೆಯ ದನಿಯಲ್ಲೇ ಇದೆ. ಓದದವರ ಸಲುವಾಗಿ ಇನ್ನು ಬಿಡಿಸಿ ಹೇಳುವುದಿಲ್ಲ. 2000ದ ಕಂತಿನಲ್ಲಿ ಪ್ವಾರೋ ಒಂದು ದಿನಚರಿಯನ್ನು ಓದುವಂತೆ ಮಾಡಿ ಆ ದನಿಯನ್ನು ಉಳಿಸಲು ಯತ್ನಿಸಿದರು. ಆದರೆ ಕ್ಯಾಮೆರಾ ಪ್ರತಿ ಪಾತ್ರವನ್ನೂ ಹೊರಗಿನಿಂದ ನೋಡುತ್ತದೆ. ಪುಟದಲ್ಲಿ ನಾವು ಯಾರ ಮನಸ್ಸಿನೊಳಗೆ ಕೂತಿದ್ದೆವೋ ಅವರನ್ನು ಇಲ್ಲಿ ಮೊದಲಿನಿಂದಲೇ ಎದುರಿಗೆ ನಿಲ್ಲಿಸಿ ನೋಡುತ್ತೇವೆ, ಹಾಗಾಗಿ ಬೆರಗು ಹುಟ್ಟುವುದಿಲ್ಲ.

ಇಲ್ಲಿಂದ ಬೇರೆಯವುಗಳತ್ತ ಬೇಗ ಸರಿಯುತ್ತೇನೆ. ಡೊರೊಥಿ ಸೇಯರ್ಸ್ ಅವರ ಲಾರ್ಡ್ ಪೀಟರ್ ವಿಮ್ಸಿ 1972–75ರಲ್ಲಿ ಇಯನ್ ಕಾರ್ಮೈಕಲ್ ಅವರಿಂದ ಲವಲವಿಕೆ ಪಡೆದ, 1987ರಲ್ಲಿ ಎಡ್ವರ್ಡ್ ಪೆದರ್‌ಬ್ರಿಜ್ ಅವರಿಂದ ಆಳ ಪಡೆದ. ಅವನು ಪ್ರೀತಿಸುವ ಹ್ಯಾರಿಯೆಟ್ ವೇನ್ ಆಗಿ ಹ್ಯಾರಿಯೆಟ್ ವಾಲ್ಟರ್ ತೋರಿದ ಸ್ವಾಭಿಮಾನಕ್ಕೆ ಸಾಟಿಯಾದದ್ದು ಈ ಪ್ರಕಾರದಲ್ಲಿ ಕಡಿಮೆ. ಆದರೆ ಕೊಲೆಯೇ ಇಲ್ಲದ, ಮಹಿಳಾ ಕಾಲೇಜಿನ ಬೌದ್ಧಿಕ ಪ್ರಾಮಾಣಿಕತೆಯ ಬಗೆಗಿನ ‘ಗೌಡಿ ನೈಟ್’ ಮೂರು ಕಂತಿನಲ್ಲಿ ಇಕ್ಕಟ್ಟಾಯಿತು. ಚೆಸ್ಟರ್‌ಟನ್ ಅವರ ಫಾದರ್ ಬ್ರೌನ್ 1974ರಲ್ಲಿ ಕೆನೆತ್ ಮೋರ್ ಅವರ ಹದಿಮೂರು ಕಂತುಗಳಲ್ಲಿ ಮೂಲಕ್ಕೆ ಹತ್ತಿರವಿದ್ದ. 2013ರಿಂದ ಮಾರ್ಕ್ ವಿಲಿಯಮ್ಸ್ ನಟಿಸುತ್ತಿರುವ ಸರಣಿ 1950ರ ದಶಕದ ಕಾಲ್ಪನಿಕ ಹಳ್ಳಿಯಲ್ಲಿ ನಡೆಯುತ್ತದೆ, ಹಿತವಾಗಿಯೂ ಇದೆ, ಚೆಸ್ಟರ್‌ಟನ್ ಮಾತ್ರ ಅಲ್ಲಿ ತೀರ ಕಡಿಮೆ. ಕಾಲಿನ್ ಡೆಕ್ಸ್ಟರ್ ಅವರ ಇನ್‌ಸ್ಪೆಕ್ಟರ್ ಮಾರ್ಸ್ ಹಳೆಯ ಕಾಲದವನಲ್ಲ, ಆದರೆ ಆ ಪರಂಪರೆಯ ನೇರ ವಾರಸುದಾರ. 1987ರಿಂದ 2000ದವರೆಗೆ ಜಾನ್ ಥಾ ನಟಿಸಿದ 33 ಕಂತುಗಳು ಒಂದು ಕಥೆಗೆ ಎರಡು ಗಂಟೆ ಕೊಟ್ಟವು. ಯೋಚಿಸುವ ಮನುಷ್ಯನನ್ನು ಯೋಚಿಸುತ್ತಿರುವಾಗಲೇ ತೋರಿಸಬಹುದೆಂಬ ಧೈರ್ಯ ಅಲ್ಲಿತ್ತು. ಡೆಕ್ಸ್ಟರ್ ತಮ್ಮ ನಂತರದ ಕಾದಂಬರಿಗಳಲ್ಲಿ ಮಾರ್ಸ್‌ಗೆ ಟಿವಿಯ ಜಾಗ್ವಾರ್ ಕಾರನ್ನೇ ಕೊಟ್ಟರು.

ಬದಲಾವಣೆಗಳನ್ನೆಲ್ಲ ನಾನು ತಿರಸ್ಕರಿಸುತ್ತಿಲ್ಲ. ಸಾರಾ ಫೆಲ್ಪ್ಸ್ 2015ರಲ್ಲಿ ಬಿಬಿಸಿಗಾಗಿ ಬರೆದ ‘ಆ್ಯಂಡ್ ದೆನ್ ದೇರ್ ವರ್ ನನ್’ ಅದಕ್ಕೆ ಸಾಕ್ಷಿ. 1939ರ ಈ ಕಾದಂಬರಿಯನ್ನು 1943ರಲ್ಲಿ ಸ್ವತಃ ಕ್ರಿಸ್ಟಿ ನಾಟಕವಾಗಿಸಿದಾಗ ಅಂತ್ಯವನ್ನು ಸೌಮ್ಯಗೊಳಿಸಿದ್ದರು. 1945ರ ರೆನೆ ಕ್ಲೇರ್ ಅವರ ಚಿತ್ರದಿಂದ ಮುಂದೆ ಇಂಗ್ಲಿಷಿನ ಪ್ರಮುಖ ಚಲನಚಿತ್ರಗಳು ಆ ನಾಟಕದ ಅಂತ್ಯಕ್ಕೇ ಜೋತುಬಿದ್ದವು. ಫೆಲ್ಪ್ಸ್ ಭಾಷೆಯನ್ನು ಬಿರುಸುಗೊಳಿಸಿದರು, ಹಿಂಸೆಯನ್ನು ಹತ್ತಿರ ತಂದರು, ಆದರೆ ಪುಸ್ತಕದ ನಿಷ್ಕರುಣ ಮುಕ್ತಾಯವನ್ನು ಮರಳಿ ತಂದರು. ಅಪರಾಧಿ ಯಾರೆಂದು ತಿಳಿದ ಮೇಲೆ ಮತ್ತೆ ನೋಡಿದರೆ ಭೋಜನದ ಮೇಜಿನ ದೃಶ್ಯಗಳು ಮೊದಲಿಗಿಂತ ಭಯ ಹುಟ್ಟಿಸುತ್ತವೆ. ಅದೇ ಲೇಖಕಿ 2018ರಲ್ಲಿ ‘ಆರ್ಡೀಲ್ ಬೈ ಇನೊಸೆನ್ಸ್’ ಮಾಡುವಾಗ ಕೊಲೆಗಾರನನ್ನೇ ಬದಲಿಸಿದರು. ಕ್ರಿಸ್ಟಿ ತಮಗೆ ಹೆಚ್ಚು ತೃಪ್ತಿ ಕೊಟ್ಟ ಪುಸ್ತಕಗಳೆಂದು ಹೇಳಿಕೊಂಡ ಎರಡರಲ್ಲಿ ಇದೂ ಒಂದು. ಅವರ ಕಥೆಯಲ್ಲಿ ಕೊಲೆಗಾರ ಎಂದರೆ ಎಲ್ಲ ಸುಳಿವುಗಳ ಮೊತ್ತ. ಮೊತ್ತವನ್ನು ಬದಲಿಸಿ ಅಂಕಿಗಳನ್ನು ಹಾಗೆಯೇ ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಅದೇ ವರ್ಷದ ‘ದ ಎಬಿಸಿ ಮರ್ಡರ್ಸ್’ನಲ್ಲಿ ಜಾನ್ ಮ್ಯಾಲ್ಕೊವಿಚ್ ಅವರ ಪ್ವಾರೋಗೆ ಪುಸ್ತಕದಲ್ಲಿಲ್ಲದ ಗತಕಾಲವೊಂದನ್ನು ಕಟ್ಟಿಕೊಟ್ಟರು. ಪತ್ತೇದಾರನ ಗಾಯವೇ ರಹಸ್ಯವಾದಾಗ ಕೊಲೆಯ ರಹಸ್ಯ ಹಿಂದಕ್ಕೆ ಸರಿಯಿತು.

ಬಿಬಿಸಿಯ ‘ಶರ್ಲಾಕ್’ ಬಗ್ಗೆಯೂ ಹೇಳಬೇಕು. 2010ರಿಂದ 2017ರವರೆಗೆ 13 ಕಂತುಗಳು, ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಮಾರ್ಟಿನ್ ಫ್ರೀಮನ್. ಅಫ್ಘಾನಿಸ್ತಾನದ ಯುದ್ಧದಿಂದ ಗಾಯಗೊಂಡು ಬಂದ ವೈದ್ಯ 1880ರ ದಶಕದಲ್ಲೂ ಸಾಧ್ಯ, 2010ರಲ್ಲೂ ಸಾಧ್ಯ ಎಂದು ಕಂಡದ್ದು ನಿಜವಾದ ಒಳನೋಟ. ಮೊದಲ ಕಂತಿನಲ್ಲಿ ಹೆಣದ ಮೇಲೆ ಬಾಗಿದ ಶರ್ಲಾಕ್ ಮದುವೆಯ ಉಂಗುರ ನೋಡುತ್ತಾನೆ. ಹೊರಗೆ ಕೊಳಕು, ಒಳಗೆ ಸ್ವಚ್ಛ. ಪದಗಳು ಪರದೆಯ ಮೇಲೆ ತೇಲುತ್ತವೆ, ಆದರೆ ಉಂಗುರವೂ ಕಾಣುತ್ತದೆ. ಅಲ್ಲಿಯವರೆಗೆ ಆಟ ಸರಿಯಾಗಿತ್ತು. ಹ್ಯಾಟಿನ ದೃಶ್ಯಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಮುಂದೆ ಬೆಳೆಯುತ್ತ ಹೋಯಿತು. ನಾವು ನೋಡುವ ಮೊದಲೇ ಪರದೆ ಓದಿ ಹೇಳತೊಡಗಿತು, ತರ್ಕ ಪವಾಡದಂತೆ ಕಾಣತೊಡಗಿತು. 2012ರಲ್ಲಿ ಶರ್ಲಾಕ್ ಆಸ್ಪತ್ರೆಯ ಮಾಳಿಗೆಯಿಂದ ಜಿಗಿದ. ಹೇಗೆ ಬದುಕಿದ ಎಂಬುದಕ್ಕೆ ಪ್ರೇಕ್ಷಕರು ಎರಡು ವರ್ಷ ಕಾದರು. 2014ರ ಜನವರಿ 1ರ ಕಂತು ಹಲವು ವಿವರಣೆಗಳನ್ನು ಕೊಟ್ಟು ಯಾವುದನ್ನೂ ಖಚಿತಪಡಿಸಲಿಲ್ಲ. ಜನ ನಿಜವಾಗಿಯೂ ಕಂತನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಸುಳಿವು ಹುಡುಕಿದ್ದರು. ಆ ಶ್ರದ್ಧೆಗೆ ಸಿಗಬೇಕಾದ ಉತ್ತರ ಸಿಗಲಿಲ್ಲ. ಅಲ್ಲಿ ನನಗಾದ ನಿರಾಸೆ ದೊಡ್ಡದು, ಏಕೆಂದರೆ ಪ್ರತಿಭೆಯ ಕೊರತೆ ಆ ತಂಡಕ್ಕೆ ಎಂದೂ ಇರಲಿಲ್ಲ.

ಮೂಲಕ್ಕೆ ನಿಷ್ಠರಾಗಿರುವುದಕ್ಕೂ ಬೆಲೆ ತೆರಬೇಕು. ಗ್ರನಾಡಾ 1987ರಲ್ಲಿ ಮಾಡಿದ ‘ದ ಸೈನ್ ಆಫ್ ಫೋರ್’ ಚೆಂದದ ಚಿತ್ರ, ಆಗ್ರಾದಲ್ಲಿ ಲೂಟಿಯಾದ ನಿಧಿಯ ಕಥೆಯನ್ನು ಪೂರ್ತಿ ಹೇಳುತ್ತದೆ. ಜೊತೆಗೆ ಅಂಡಮಾನಿನ ಟೋಂಗಾನನ್ನು ಡಾಯ್ಲ್ ಕಂಡ ಹಾಗೆಯೇ, ಮನುಷ್ಯನಿಗಿಂತ ಕಡಿಮೆಯೆಂಬಂತೆ, ತೋರಿಸುತ್ತದೆ. ಅದನ್ನು ನೋಡುವಾಗ ಈಗಲೂ ಮುಜುಗರವಾಗುತ್ತದೆ. ಹಾಗೆಂದು ಕಾಲ ಬದಲಿಸಿದರೆ ಈ ದೋಷ ತಾನಾಗಿ ಹೋಗುವುದೂ ಇಲ್ಲ. ‘ಶರ್ಲಾಕ್’ನ ಎರಡನೆಯ ಕಂತು ‘ದ ಬ್ಲೈಂಡ್ ಬ್ಯಾಂಕರ್’ ಚೀನೀಯರ ಬಗೆಗಿನ ಹಳೆಯ ಅಚ್ಚುಗಳನ್ನೇ ಎತ್ತಿಕೊಂಡಿತು. 2023ರಲ್ಲಿ ಬಿಬಿಸಿಯ ‘ಮರ್ಡರ್ ಈಸ್ ಈಸಿ’ ಬೇರೆ ದಾರಿ ನೋಡಿತು. 1939ರ ಕಾದಂಬರಿಯಲ್ಲಿ ಪೂರ್ವದ ವಸಾಹತಿನಿಂದ ಮರಳುವ ಇಂಗ್ಲಿಷ್ ಪೊಲೀಸ್ ಅಧಿಕಾರಿ ಇಲ್ಲಿ 1950ರ ದಶಕದಲ್ಲಿ ಇಂಗ್ಲೆಂಡಿಗೆ ಬರುವ ನೈಜೀರಿಯಾದ ತರುಣ, ಡೇವಿಡ್ ಜಾನ್ಸನ್ ಆ ಪಾತ್ರ ಮಾಡಿದರು. ಹಳ್ಳಿಯವರು ಅವನನ್ನು ನೋಡುವ ನೋಟ, ಅವನು ಹಳ್ಳಿಯನ್ನು ನೋಡುವ ನೋಟ ಎರಡೂ ಕಥೆಗೆ ಹೊಸ ಕಣ್ಣು ಕೊಟ್ಟವು. ಪುಸ್ತಕ ತಿಳಿದವರಿಗೂ ಅಲ್ಲಿ ನೋಡುವುದಿತ್ತು.

ಸಾಮ್ರಾಜ್ಯದ ಲೂಟಿ ಈ ಸಾಹಿತ್ಯದ ತಳದಲ್ಲೇ ಇದೆ, ಮತ್ತು ಆ ತಳ ನಮ್ಮ ಶ್ರೀರಂಗಪಟ್ಟಣದಲ್ಲಿದೆ. ಇಂಗ್ಲಿಷಿನ ಮೊದಲ ಪತ್ತೇದಾರಿ ಕಾದಂಬರಿಯೆಂದು ಹಲವರು ಕರೆಯುವ ವಿಲ್ಕಿ ಕಾಲಿನ್ಸ್ ಅವರ ‘ದ ಮೂನ್‌ಸ್ಟೋನ್’ 1868ರಲ್ಲಿ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದು ತೆರೆದುಕೊಳ್ಳುವುದು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಟಿಪ್ಪುವಿನ ಅರಮನೆಯ ಆಯುಧಶಾಲೆಯಲ್ಲಿ ಹರ್ನ್‌ಕಾಸಲ್ ಎಂಬ ಅಧಿಕಾರಿ ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಕದಿಯುತ್ತಾನೆ. ಅದು ಸೋಮನಾಥದ ಚಂದ್ರದೇವನ ವಿಗ್ರಹದ್ದೆಂಬುದು ಕಾದಂಬರಿಯ ಕಲ್ಪನೆ. ಮುಂದೆ ಯಾರ್ಕ್‌ಶೈರಿನ ಬಂಗಲೆಯಲ್ಲಿ ನಡೆಯುವ ಕಳವು ಈ ಮೊದಲ ಕಳವಿನ ಎರಡನೆಯ ಅಧ್ಯಾಯ ಮಾತ್ರ. ಮನೆಯ ಮೇಲ್ವಿಚಾರಕ, ಧರ್ಮಾಂಧ ಬಂಧು, ವಕೀಲ, ವೈದ್ಯನ ಸಹಾಯಕ ಹೀಗೆ ಒಬ್ಬರಾದ ಮೇಲೊಬ್ಬರು ತಾವು ಕಂಡಷ್ಟನ್ನೇ ಬರೆಯುತ್ತಾರೆ. ಒಗಟು ಬಿಡಿಸುವ ಕ್ಷಣದಲ್ಲಿ ಕಳವಿನ ಆ ರಾತ್ರಿಯನ್ನು ಅದೇ ಮನೆಯಲ್ಲಿ ಮತ್ತೊಮ್ಮೆ ನಡೆಸಿ ನೋಡಲಾಗುತ್ತದೆ. ಎರಡನೆಯ ನೋಟವನ್ನೇ ಕಥೆಯ ನಡುಗಂಬ ಮಾಡಿಕೊಂಡ ಪುಸ್ತಕವಿದು.

ಬಿಬಿಸಿ ಇದನ್ನು 1972ರಲ್ಲಿ, 1996ರಲ್ಲಿ, 2016ರಲ್ಲಿ ಮಾಡಿದೆ. 1996ರದ್ದು ಎರಡು ಗಂಟೆಯ ಚಿತ್ರ, 2016ರದ್ದು ಐದು ಕಂತಿನ ಹಗಲು ಪ್ರಸಾರ. ಇವು ಅಂದವಾಗಿವೆ, ಆದರೆ ಬಂಗಲೆಯ ಪ್ರೇಮಕಥೆ ಮುಂದೆ ಬಂದು ಹಲವು ದನಿಗಳು ಒಂದೇ ದನಿಯಾಗಿ ಕರಗಿವೆ. ಒಂದು ಕಥೆಗೆ ಆರೋ ಎಂಟೋ ಗಂಟೆ ಕೊಡುವುದು ಈಗಿನ ಟಿವಿಯಲ್ಲಿ ಸಾಮಾನ್ಯ. ಒಬ್ಬ ನಿರೂಪಕರಿಗೆ ಒಂದು ಕಂತು, ಒಂದೇ ರಾತ್ರಿ ಹಲವು ಕಣ್ಣುಗಳಿಂದ: ಈ ಕಾದಂಬರಿಗೆ ಹೇಳಿ ಮಾಡಿಸಿದ ರೂಪ ಇಷ್ಟು ಕೈಗೆಟುಕುವಂತಿದ್ದರೂ ಯಾರೂ ಇನ್ನೂ ಆ ಕೆಲಸಕ್ಕೆ ಇಳಿದಿಲ್ಲ. ಇಳಿದರೆ ಮೊದಲ ಕಂತನ್ನು ಕಾವೇರಿಯ ಆ ದ್ವೀಪದಲ್ಲೇ ಚಿತ್ರಿಸಬೇಕು. ಕೋಟೆಗೋಡೆ ಒಡೆದ ಜಾಗವೂ ಟಿಪ್ಪು ಬಿದ್ದ ಜಾಗವೂ ಇವತ್ತಿಗೂ ಅಲ್ಲಿವೆ. ಮತ್ತು ವಜ್ರವನ್ನು ಹಿಂದಕ್ಕೆ ತರಲು ಬದುಕನ್ನೇ ಮುಡಿಪಿಟ್ಟು ಇಂಗ್ಲೆಂಡಿನವರೆಗೆ ಹೋಗುವ ಮೂವರು ಬ್ರಾಹ್ಮಣರಿಗೆ ಒಂದು ಕಂತು ಮೀಸಲಿಡಬೇಕು. ಕಾದಂಬರಿಯಲ್ಲಿ ಎಲ್ಲರೂ ಅವರನ್ನು ನೋಡಿದ್ದಾಗಿ ಬರೆಯುತ್ತಾರೆ, ಅವರು ಕಂಡದ್ದನ್ನು ಬರೆಯಲು ಮಾತ್ರ ಆ ಮೂವರ ಕೈಗೆ ಕಾಲಿನ್ಸ್ ಲೇಖನಿ ಕೊಟ್ಟಿಲ್ಲ.